ವಿಸ್ಕಿ ಕಾರ್ಖಾನೆಯ ದಾರಿಯಲ್ಲಿ ಒಂದು ಡಬ್ಬಿ ಬೆಲ್ಲ

ಕೆಲವರು ಹೊರಟಲ್ಲೆಲ್ಲ ಮಳೆ ಬರುತ್ತದೆ, ಕೆಲವರು ಕೂತಲ್ಲೆಲ್ಲ ಕುರ್ಚಿ ಮುರಿಯುತ್ತದೆ. ನನ್ನ ಜಾತಕ ಬೇರೆ. ನಾನು ಕಾರು ಹತ್ತಿದ ದಿನ ಸಂಜೆಯೊಳಗೆ ಯಾರಾದರೂ ಒಬ್ಬರು ನನ್ನನ್ನು ತಪ್ಪು ತಿಳಿದುಕೊಳ್ಳಲೇಬೇಕು. ಮದ್ರಾಸಿನಿಂದ ಪಾಂಡಿಚೇರಿಯ ಗಡಿಯವರೆಗೆ, ಆಗ ನನ್ನನ್ನು ಸರಿಯಾಗಿ ತಿಳಿದುಕೊಂಡವರು ಎಷ್ಟು ಜನ ಇದ್ದರೋ ನನಗೆ ಗೊತ್ತಿಲ್ಲ. ತಪ್ಪು ತಿಳಿದುಕೊಂಡವರು ಮಾತ್ರ ಪ್ರತಿ ಊರಿನಲ್ಲೂ ಇದ್ದರು.

ನನ್ನ ಉದ್ಯೋಗವೇ ಹಾಗಿತ್ತು. ಗಿಂಡಿಯ ಕಾರ್ಖಾನೆಗಳಿಗೆ ಯಂತ್ರ ಕೂರಿಸಲು ಬಂದ ಪರದೇಶದ ಎಂಜಿನಿಯರುಗಳನ್ನೂ ಅವರ ಹೆಂಡಿರು ಮಕ್ಕಳನ್ನೂ ಭಾನುವಾರ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಚೆಂಗಲ್ಪಟ್ಟಿನ ಕೆರೆ, ಗುಡ್ಡ, ತಾಳೆಮರದ ಸಾಲು, ಗದ್ದೆಬಯಲು ಎಲ್ಲ ತೋರಿಸಿ, ಬಾಳೆ ಎಲೆಯಲ್ಲಿ ಊಟ ಬಡಿಸಿ, ಕೊನೆಗೆ ಗಡಿಯಾಚೆ ಒಂದು ವಿಸ್ಕಿ ಕಾರ್ಖಾನೆಯನ್ನು ತೋರಿಸಿಕೊಂಡು ಸಂಜೆಗೆ ಹಿಂದಿರುಗುವುದು. ಆಗ ಮದ್ರಾಸಿನಲ್ಲಿ ಪಾನನಿರೋಧ. ಗಡಿಯಾಚೆ ಹಾಗಿಲ್ಲ. ಆದ್ದರಿಂದ ನಮ್ಮ ಗಿರಾಕಿಗಳು ಕೆರೆಯನ್ನು ನೋಡುವಾಗಲೂ ಗಡಿಯ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದರು.

ಬಿಸ್ಕತ್ತು ಡಬ್ಬಿಯ ಇಂಗ್ಲಿಷ್

ನಾನು ಶಾಲೆಯ ಒಳಗೆ ಕಾಲಿಟ್ಟವಳಲ್ಲ. ಮದ್ರಾಸಿಗೆ ಬಂದದ್ದು ವೆಸ್ಟ್ ಮಾಂಬಲಂನ ನಮ್ಮೂರ ಕಡೆಯವರ ಹೋಟೆಲಿನಲ್ಲಿ ದೋಸೆಹಿಟ್ಟು ರುಬ್ಬಲು. ಅಲ್ಲಿ ಬೇಳೆ, ಮೆಣಸು ಕಟ್ಟಿಬರುತ್ತಿದ್ದ ಹಳೆಯ ಪತ್ರಿಕೆಗಳೇ ನನ್ನ ಪಾಠಶಾಲೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಭಟ್ಟರು ಮೊದಲ ಹತ್ತು ಅಕ್ಷರ ತೋರಿಸಿಕೊಟ್ಟರು. ಉಳಿದದ್ದನ್ನು ನಾನೇ ಜಗ್ಗಿ ತೆಗೆದೆ. ಕನ್ನಡ ಬಂತು. ಬಸ್ಸಿನ ಬೋರ್ಡು ನೋಡಿ ತಮಿಳು ಬಂತು. ಇಂಗ್ಲಿಷ್ ಮಾತ್ರ ಡಬ್ಬಿಗಳ ಮೇಲಿನಿಂದ ಬಂತು.

ಮುಂದೆ ನನ್ನದೇ ಒಂದು ಸಣ್ಣ ಮೆಸ್ ಇಟ್ಟೆ. ಗಿಂಡಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಸಾಹುಕಾರರೊಬ್ಬರು ಭಾನುವಾರದ ಪ್ರವಾಸಕ್ಕೆ ನನ್ನಿಂದ ಊಟದ ಬುಟ್ಟಿ ತರಿಸುತ್ತಿದ್ದರು. ಒಂದು ಭಾನುವಾರ ಅವರ ಇಂಗ್ಲಿಷ್ ಬಲ್ಲ ಗೈಡು ಜ್ವರ ಬಂದು ಮಲಗಿದ. ಬುಟ್ಟಿ ಕೊಡಲು ಹೋಗಿದ್ದ ನನ್ನನ್ನು ಸಾಹುಕಾರರು ಅಡಿಯಿಂದ ಮುಡಿಯವರೆಗೆ ನೋಡಿ, "ಇಂಗ್ಲಿಷ್ ಬರುತ್ತಾ?" ಎಂದು ಕೇಳಿದರು. ಬರುವುದಿಲ್ಲ ಎಂಬ ಮಾತು ನನ್ನ ಬಾಯಿಂದ ಹುಟ್ಟಿದಾಗಿನಿಂದ ಬಂದಿಲ್ಲ.

ಹೀಗೆ ಪರದೇಶದ ಗಂಡ ಹೆಂಡಿರಿಬ್ಬರ ಜೊತೆ ಗೈಡಾಗಿ ಹೊರಟೆ. ಗುಡ್ಡದ ಬುಡದಲ್ಲಿ ಬಿಸಿಲು ಸುಡುತ್ತಿತ್ತು. ದಂಪತಿಗಳನ್ನು ನೆರಳಿನಲ್ಲಿ ಕೂರಿಸಬೇಕು, ಹೇಗೆ ಹೇಳುವುದು? ಬಿಸ್ಕತ್ತು ಡಬ್ಬಿ ನೆನಪಾಯಿತು. ದೊರೆಸಾನಿಯ ಕೈಹಿಡಿದು ಹುಣಸೆಮರದ ಕೆಳಗೆ ಕೂರಿಸಿ, "ತಂಪಾದ ಒಣ ಜಾಗದಲ್ಲಿ ಇಡತಕ್ಕದ್ದು" ಎಂಬುದನ್ನು ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಆಕೆಯ ಗಂಡ ನಗು ತಡೆದುಕೊಂಡು, ಹಾಗಾದರೆ ತನ್ನನ್ನು ಏನು ಮಾಡುವುದು ಎಂದು ಕೇಳಿದ. ಔಷಧಿ ಬಾಟಲಿಯ ಮೇಲಿದ್ದದ್ದು ಬಾಯಿಗೆ ಬಂತು: "ಉಪಯೋಗಿಸುವ ಮೊದಲು ಚೆನ್ನಾಗಿ ಅಲುಗಾಡಿಸಿ." ದೊರೆಸಾನಿ ನಕ್ಕು ನಕ್ಕು ಮರಕ್ಕೆ ಒರಗಿದಳು. ಮುಂದಿನ ಭಾನುವಾರ ಅವರ ಸ್ನೇಹಿತರು ನಾಲ್ಕು ಜನ ಬಂದು, ನಮಗೆ ಜ್ವರದ ಗೈಡು ಬೇಡ, ಡಬ್ಬಿ ಓದುವ ಅಮ್ಮನೇ ಬೇಕು ಎಂದರು.

ಅಲ್ಲಿಂದ ಗೈಡಿನ ಜಾಗ ನನ್ನದಾಯಿತು. ಆ ಜಾಗ ಎಂದರೆ ಮುಂದಿನ ಸೀಟು, ಡ್ರೈವರಿನ ಪಕ್ಕ, ತೊಡೆಯ ಮೇಲೆ ಬುಟ್ಟಿ. ಹಿಂದಿನ ಸೀಟು ಗಿರಾಕಿಗಳದ್ದು. ನೂರಾರು ಸಲ ಆ ದಾರಿಯಲ್ಲಿ ಓಡಾಡಿದ್ದೇನೆ. ಹಿಂದೆ ಕೂತವರಿಗೆ ಆ ಕೆರೆ ಹೇಗೆ ಕಾಣುತ್ತದೆ ಎಂದು ಮಾತ್ರ ನನಗೆ ತಿಳಿದಿರಲಿಲ್ಲ.

ಮುಚ್ಚಿದ ಲೋಟ

ಮೊದಲ ಸಲ ಆ ಕಾರ್ಖಾನೆಯ ಅಂಗಳಕ್ಕೆ ಕಾಲಿಟ್ಟಾಗ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಮೂಲೆಯಲ್ಲಿ ಕಾಕಂಬಿಯ ದೊಡ್ಡ ತೊಟ್ಟಿ. ಕಬ್ಬಿನ ರಸ ಕಾಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ಅದನ್ನೇ ಹುಳಿ ಬರಿಸಿ ವಿಸ್ಕಿ ಮಾಡುವುದಂತೆ. ಅವರು ಏನಾದರೂ ಮಾಡಿಕೊಳ್ಳಲಿ, ನನ್ನ ಮೂಗಿಗೆ ಬಂದದ್ದು ನಮ್ಮ ಆಲೆಮನೆ.

ದಕ್ಷಿಣ ಕನ್ನಡದ ಹೊಳೆಬದಿಯಲ್ಲಿ ನಮ್ಮದು ಬೆಲ್ಲ ಮಾಡುವ ಮನೆ. ಕೋಣಗಳು ಗಾಣ ಸುತ್ತುವುದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವುದು, ಅಪ್ಪಯ್ಯ ಸೌಟಿನಿಂದ ಪಾಕವನ್ನು ನೀರಿಗೆ ಬಿಟ್ಟು ಬೆರಳಿನಲ್ಲಿ ಉರುಟಿ ನೋಡುವುದು, ಇವುಗಳ ಮಧ್ಯೆ ಬೆಳೆದವಳು ನಾನು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಕೊಂಡರು, ತವರಿಗೆ ಬಂದೆ. ಅಷ್ಟರಲ್ಲಿ ಅಪ್ಪಯ್ಯನೂ ಇರಲಿಲ್ಲ, ಮನೆಗೆ ಅಣ್ಣನೇ ಯಜಮಾನ. ಮದ್ರಾಸಿಗೆ ಹೋಗಿ ದುಡಿಯುತ್ತೇನೆ ಎಂದೆ. ಈ ಮನೆಯ ಹೆಣ್ಣು ಕಂಡವರ ರುಬ್ಬುಕಲ್ಲು ತಿರುಗಿಸುವುದು ಬೇಡ ಎಂದ. ಮಾತಿಗೆ ಮಾತು ಬೆಳೆಯಿತು. ನೀನಾಗಿ ಬಂದು ಕರೆಯುವವರೆಗೆ ಈ ಹೊಸಿಲು ತುಳಿಯುವುದಿಲ್ಲ ಎಂದೆ ನಾನು. ನೀನಾಗಿ ಕಾಗದ ಬರೆಯುವವರೆಗೆ ನಾನು ಕರೆಯುವುದಿಲ್ಲ ಎಂದ ಅವನು. ನನಗೆ ಅಕ್ಷರ ಬಾರದೆಂದು ಗೊತ್ತಿದ್ದೇ ಆಡಿದ ಮಾತು. ಅಕ್ಷರ ಕಲಿಯಲು ನಾನು ಅಷ್ಟು ಹಟ ಹಿಡಿದದ್ದು ಆ ಮಾತಿಗಾಗಿ. ಕಲಿತ ಮೇಲೆ ಬರೆಯದೆ ಹಟ ಹಿಡಿದದ್ದೂ ಆ ಮಾತಿಗಾಗಿಯೇ.

ನಾನು ಊರು ಬಿಟ್ಟಾಗ ನಮ್ಮ ಜಿಲ್ಲೆಯೂ ಮದ್ರಾಸು ರಾಜ್ಯಕ್ಕೇ ಸೇರಿತ್ತು. ಆಮೇಲೆ ಗಡಿ ಗೆರೆ ಬದಲಾಗಿ ಅದು ಮೈಸೂರಿಗೆ ಹೋಯಿತು. ಸುದ್ದಿ ಓದಿದ ದಿನ ನನಗೆ ಸಿಟ್ಟು ಬಂದದ್ದು ಸರ್ಕಾರದ ಮೇಲಲ್ಲ. ಅಣ್ಣ ಸರ್ಕಾರವನ್ನೂ ತನ್ನ ಪಕ್ಷಕ್ಕೆ ಮಾಡಿಕೊಂಡು ಇನ್ನೂ ದೂರ ಹೋಗಿ ಕೂತ ಎಂದು.

ಆ ತೊಟ್ಟಿಯ ಬಳಿ ನಾನು ಕಣ್ಣು ಮುಚ್ಚಿ ನಿಂತು ಬಿಟ್ಟೆ. ಗಿರಾಕಿಗಳು ಒಳಗೆ ಪೀಪಾಯಿಗಳನ್ನು ನೋಡಿ ಬರುವಷ್ಟು ಹೊತ್ತೂ ಹಾಗೇ ನಿಂತಿದ್ದೆ. ಇದು ಪ್ರತಿ ಭಾನುವಾರದ ಪಾಠವಾಯಿತು. ಕಾರ್ಖಾನೆಯ ಮ್ಯಾನೇಜರ್ ಬಹಳ ಮರ್ಯಾದಸ್ಥ. ಬಿಳಿ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಹೀಗೆ ಬಂದು ಮೂಗು ಅರಳಿಸಿ ನಿಲ್ಲುವುದನ್ನು ನಾಲ್ಕು ವಾರ ನೋಡಿದರು. ಐದನೆಯ ವಾರ ಜವಾನನೊಬ್ಬ ನನ್ನ ಬಳಿ ಬಂದು, ಆಚೀಚೆ ನೋಡಿ, ತಟ್ಟೆ ಮುಚ್ಚಿದ ಒಂದು ಲೋಟವನ್ನು ಮುಂದೆ ಹಿಡಿದ. "ಮ್ಯಾನೇಜರ್ ಕೊಟ್ಟರು. ಯಾರೂ ನೋಡುವುದಿಲ್ಲ ಅಮ್ಮಾ, ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ."

ಬೇಡ ಎಂದು ಖಾರವಾಗಿಯೇ ಹೇಳಿ ಕಳಿಸಿದೆ. ಹತ್ತು ನಿಮಿಷದಲ್ಲಿ ಲೋಟ ಮರಳಿ ಬಂತು. ಈ ಸಲ ಅದರಲ್ಲಿ ನಿಂಬೆಹಣ್ಣಿನ ಹೋಳು ಇತ್ತು.

ಮಾಮಿಯ ಲೇಹ್ಯ

ಲೋಟದ ಕತೆ ನಮ್ಮ ಡ್ರೈವರಿನ ಬಾಯಲ್ಲಿ ಪುರಸೈವಾಕ್ಕಂಗೆ ಹೋಯಿತು, ಅವನ ಮನೆ ಅಲ್ಲಿ. ಅಲ್ಲಿಂದ ಅದು ರೈಲು ಹತ್ತಿ ವೆಸ್ಟ್ ಮಾಂಬಲಂಗೆ ನನಗಿಂತ ಮೊದಲೇ ಬಂದು ಇಳಿದಿತ್ತು. ಒಳ್ಳೆಯ ಮನುಷ್ಯ ಅವನು. ನಿಯತ್ತಿನವನು. ಆದರೆ ಕಣ್ಣಿಗೆ ಕಂಡದ್ದಕ್ಕೆ ತಾನೇ ಒಂದು ಕೊನೆ ಕೊಟ್ಟು ಮುಗಿಸಿಬಿಡುವ ಅಭ್ಯಾಸ.

ಬೀದಿ ನಲ್ಲಿಯ ಹತ್ತಿರ ಹೆಂಗಸರು ನಾನು ಬಂದೊಡನೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋಗತೊಡಗಿದರು. ಒಂದು ಶುಕ್ರವಾರ ಎದುರುಮನೆಯ ಮಾಮಿ ಬಂದು ಬಾಗಿಲು ಮುಂದೆಮಾಡಿ ಕೂತರು. ನನ್ನ ತಾಯಿಯ ವಯಸ್ಸಿನವರು. ಮನಸ್ಸಿನಲ್ಲಿ ದುಃಖ ಇದ್ದವರು ಹೀಗೆಲ್ಲ ದಾರಿ ತಪ್ಪುವುದುಂಟು, ನಾಚಿಕೆ ಬೇಡ ಎಂದರು. ಅವರ ಮೈದುನ ಹೀಗೇ ಇದ್ದನಂತೆ. ಒಬ್ಬ ವೈದ್ಯರ ಲೇಹ್ಯ ಎರಡು ತಿಂಗಳು ತಿಂದು ಪೂರ್ತಿ ಬಿಟ್ಟನಂತೆ. ಸೆರಗಿನೊಳಗಿನಿಂದ ಒಂದು ಭರಣಿ ತೆಗೆದು ಕೊಟ್ಟರು. ನಾನು ಕುಡಿಯುವುದಿಲ್ಲ ಎನ್ನಬಹುದಿತ್ತು. ಹಾಗಾದರೆ ಅಲ್ಲಿ ನಿಂತು ಏನು ಮಾಡುತ್ತೀಯ ಎಂದು ಕೇಳುತ್ತಿದ್ದರು. ಊರಿನ ನೆನಪಾಗಿ ನಿಲ್ಲುತ್ತೇನೆ ಎಂದು ಹೇಳುವುದಕ್ಕಿಂತ ಕುಡುಕಿ ಎನ್ನಿಸಿಕೊಳ್ಳುವುದು ನನಗೆ ಸುಲಭವಾಗಿ ಕಂಡಿತು. ಭರಣಿ ತೆಗೆದುಕೊಂಡೆ.

ಅವರು ಹೋದ ಮೇಲೆ ಬೆರಳ ತುದಿಯಲ್ಲಿ ನೆಕ್ಕಿ ನೋಡಿದರೆ, ಅದರಲ್ಲಿ ನೆಲ್ಲಿಕಾಯಿ, ಶುಂಠಿ, ಏನೇನೋ ಬೇರು. ಆದರೆ ತಳಕ್ಕೆ ಒಳ್ಳೆಯ ಬೆಲ್ಲ. ಹದವಾಗಿ ಕಾಸಿದ ಪಾಕ. ಯಾರೋ ಬಲ್ಲವರ ಕೈ. ಬೆಳಿಗ್ಗೆ ದೋಸೆಗೆ ಹಚ್ಚಿಕೊಂಡೆ, ರಾತ್ರಿ ಚಪಾತಿಗೆ ಹಚ್ಚಿಕೊಂಡೆ. ಎರಡು ತಿಂಗಳ ಲೇಹ್ಯ ಆರು ದಿನಕ್ಕೆ ಮುಗಿಯಿತು. ತೊಳೆದ ಭರಣಿ ಹಿಡಿದುಕೊಂಡು ಹೋಗಿ, ಇನ್ನೂ ಸ್ವಲ್ಪ ಸಿಕ್ಕೀತೇ ಎಂದು ಕೇಳಿದೆ. ಮಾಮಿ ಖಾಲಿ ಭರಣಿ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋಗಿ ಗಂಡನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: "ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ."

ಒಂದು ಗುಟುಕಿನ ಪ್ರಶಸ್ತಿ

ಗಿರಾಕಿಗಳಲ್ಲಿ ನನಗೆ ಹತ್ತಿರದವನಾಗಿ ಕಂಡವನು ಸ್ಕಾಟ್ಲೆಂಡಿನ ಒಬ್ಬ ಎಂಜಿನಿಯರ್. ವಯಸ್ಸಾದವನು, ಒಂಟಿ. ದಾರಿಯುದ್ದಕ್ಕೂ ನನ್ನ ಕೆರೆ ಗುಡ್ಡಗಳ ಕಡೆ ನೋಡಲೇ ಇಲ್ಲ. ಅವನ ಮನೆ ವಿಸ್ಕಿ ಭಟ್ಟಿಯ ಹಿತ್ತಿಲಿಗೇ ಇದೆಯಂತೆ. ಗಾಳಿಯಲ್ಲಿ ಬರುವ ವಾಸನೆ ನೋಡಿಯೇ ಅವನ ತಾಯಿ, ಇವತ್ತು ಬಟ್ಟೆ ಒಣಗುತ್ತದೆ, ಒಣಗುವುದಿಲ್ಲ ಎಂದು ಹೇಳುತ್ತಿದ್ದಳಂತೆ. ನಾಲ್ಕು ವರ್ಷದಿಂದ ಮನೆ ನೋಡಿಲ್ಲ. ಇದನ್ನೆಲ್ಲ ನಿಧಾನವಾಗಿ, ನನ್ನ ಇಂಗ್ಲಿಷಿಗೆ ಎಟುಕುವ ಹಾಗೆ ಹೇಳಿದ. ನಾನು ಹಿಂದಿರುಗಿ ನೋಡದೆ ಹೂಂಗುಟ್ಟಿದೆ. ನೋಡಿದ್ದರೆ ನನ್ನ ಮುಖ ಅವನಿಗೆ ಕಾಣುತ್ತಿತ್ತು.

ಕಾರ್ಖಾನೆಯಲ್ಲಿ ಸ್ಕಾಟ್ಲೆಂಡಿನವನು ಬಂದಿದ್ದಾನೆ ಎಂದು ಗಡಿಬಿಡಿಯೋ ಗಡಿಬಿಡಿ. ಮ್ಯಾನೇಜರ್ ತಾವೇ ಬಗ್ಗಿಸಿ ಕೊಟ್ಟರು. ಅವನು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಕೆನ್ನೆಯ ಮೇಲೆ ನೀರು ಇಳಿಯಿತು. ಸಂದರ್ಶಕರ ಪುಸ್ತಕ ತಂದು ಇಟ್ಟರು. ‘ಇದು ನನ್ನ ತಾಯಿಯನ್ನು ನೆನಪಿಗೆ ತಂದಿತು’ ಎಂದು ಬರೆದು ಸಹಿ ಮಾಡಿದ. ಮ್ಯಾನೇಜರ್ ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಕಾರು ಹೊರಟಿತು. ಅಷ್ಟು ಚೆನ್ನಾಗಿತ್ತೇ ಎಂದು ನಾನೇ ಕೇಳಿದೆ. "ಚಿಕ್ಕವನಿದ್ದಾಗ ಮಂಡಿ ನೋವಿಗೆ ಅಮ್ಮ ಒಂದು ಎಣ್ಣೆ ತಿಕ್ಕುತ್ತಿದ್ದಳು," ಎಂದ. "ಅದೇ ರುಚಿ."

ಇರುವೆ ಓದಿದ ಕಾರ್ಡು

ಆ ಸ್ಕಾಟ್ಲೆಂಡಿನವನನ್ನು ಬಿಟ್ಟು ಬಂದ ವಾರ ನನಗೆ ಏನಾಯಿತೋ, ಒಂದು ಪೋಸ್ಟ್ ಕಾರ್ಡು ತಂದೆ. ಬರೆದರೆ ಸೋತಂತೆ. ಬರೆಯದಿದ್ದರೆ ಆ ತೊಟ್ಟಿಯೇ ಗತಿ. ಮೂರು ದಿನ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ನಮ್ಮ ಮಹಡಿಯಲ್ಲಿ ಧಾರವಾಡದ ಕಡೆಯ ರೈಲ್ವೆ ಗುಮಾಸ್ತರಿದ್ದರು. ಅವರಿಂದ ಅಣ್ಣನ ವಿಳಾಸವನ್ನು ಟೈಪ್ ಮಾಡಿಸಿದೆ. ಟೈಪು ನನ್ನ ಕೈಬರಹವಲ್ಲ. ಮೂಲೆಗೆ ನನ್ನ ಹೆಸರು, ವಿಳಾಸ, ಗಿಂಡಿಯ ಕಾರು ಪ್ರವಾಸ ಎಂದೆಲ್ಲ ಇದ್ದ ರಬ್ಬರ್ ಸ್ಟಾಂಪು ಒತ್ತಿದೆ. ಸ್ಟಾಂಪು ಬರವಣಿಗೆಯಲ್ಲ. ಉಳಿದ ಕಾರ್ಡು ಪೂರ್ತಿ ಖಾಲಿ. "ವಿಷಯ ಏನೂ ಇಲ್ಲೇನ್ರಿ?" ಎಂದು ಗುಮಾಸ್ತರು ಕೇಳಿದರು. ವಿಷಯ ಬಹಳ ಇದೆ, ಅದಕ್ಕೇ ಬರೆದಿಲ್ಲ ಎಂದೆ.

ಹದಿನೈದು ದಿನಕ್ಕೆ ಉತ್ತರ ಬಂತು. ನನ್ನ ವಿಳಾಸ ಮಾತ್ರ ಅಣ್ಣನ ದುಂಡು ಅಕ್ಷರದಲ್ಲಿ. ಹಿಂದೆ ಮುಂದೆ ಬೇರೆ ಒಂದು ಅಕ್ಷರವಿಲ್ಲ.

ಹಾಳಾದವನು, ಪಟ್ಟು ಬಿಡುವುದಿಲ್ಲ ಎಂದು ಬೈದುಕೊಂಡು ಕಾರ್ಡನ್ನು ಗೋಡೆಯ ಗೂಡಿಗೆ ಎಸೆದೆ. ಮರುದಿನ ನೋಡಿದರೆ ಅದರ ಮೂಲೆಯಲ್ಲಿ ಇರುವೆಗಳ ಸಾಲು. ಬೆಳಕಿಗೆ ಹಿಡಿದು ನೋಡಿದೆ. ಹೆಬ್ಬೆರಳಿನ ಕಂದು ಗುರುತು ಅಂಟಿಕೊಂಡಿತ್ತು. ಆಲೆಮನೆಯಿಂದ ಎದ್ದು ಬಂದು, ಕೈ ತೊಳೆಯದೆ ಬರೆದಿದ್ದಾನೆ. ಆ ಕಾಗದವನ್ನು ನಾನು ಇರುವೆಗಳಿಂದ ಕಿತ್ತುಕೊಳ್ಳಲಿಲ್ಲ. ಅಷ್ಟು ಗಮನವಿಟ್ಟು ಓದುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಗಡಿಯ ಹೇಳಿಕೆ

ಮುಂದಿನ ವರ್ಷದ ಆಲೆಮನೆ ಕಾಲಕ್ಕೆ, ಅಂದರೆ ನಾನು ಊರು ಬಿಟ್ಟು ಹದಿಮೂರು ವರ್ಷ ತುಂಬಿದ ಮೇಲೆ, ಸಾಹುಕಾರರು ಹೇಳಿ ಕಳಿಸಿದರು. ಮಂಗಳೂರು ಕಡೆಯ ಒಬ್ಬರು ಬಂದಿದ್ದಾರೆ, ಇಡೀ ಕಾರು ಒಬ್ಬರಿಗೇ ಬೇಕಂತೆ, ವಿಸ್ಕಿ ಕಾರ್ಖಾನೆಯನ್ನೂ ನೋಡಬೇಕಂತೆ ಎಂದು.

ಬೆಳಕು ಹರಿಯುವ ಮೊದಲು ಗಿಂಡಿಗೆ ಹೋದರೆ, ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಕಿವಿ ಮಾತ್ರ ಅಪ್ಪಯ್ಯನ ಕಿವಿ. ತೊಡೆಯ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ತಗಡಿನ ಡಬ್ಬಿ.

"ನೀವೇ ಏನು ಗೈಡು?" ಎಂದ.

"ಹೌದು. ತಮಗೆ ಕಿಟಕಿ ಗಾಳಿ ಬೇಕೋ, ಬೇಡವೋ?" ಎಂದೆ.

ಅವನು ಬಂದಿದ್ದಾನೆ, ಸರಿ. ಆದರೆ ಕರೆದಿಲ್ಲ. ಗಿರಾಕಿಯಾಗಿ ಬಂದವನಿಗೆ ಗಿರಾಕಿಯ ಮರ್ಯಾದೆ. ಇಡೀ ದಾರಿ ನೀವು, ತಾವು. ಚೆಂಗಲ್ಪಟ್ಟಿನ ಕೆರೆ ತೋರಿಸಿದೆ. ನಮ್ಮ ಹೊಳೆ ಇದಕ್ಕಿಂತ ಅಗಲ ಎಂದ. ಇರಬಹುದು, ನೋಡಿ ಬಹಳ ವರ್ಷವಾಯಿತು ಎಂದೆ. ಗುಡ್ಡ ತೋರಿಸಿದೆ. ಇದಕ್ಕೆ ಗುಡ್ಡ ಎನ್ನುತ್ತೀರಾ ಎಂದ. ಮಧ್ಯಾಹ್ನ ಹುಣಸೆಮರದ ಕೆಳಗೆ ಬಡಿಸಿದೆ. ಚಿಕ್ಕಂದಿನ ಹಾಗೆಯೇ ಕರಿಬೇವಿನ ಎಲೆಗಳನ್ನು ಹೆಕ್ಕಿ ಎಲೆಯ ತುದಿಗೆ ಸಾಲಾಗಿ ಇಟ್ಟ. ಎರಡನೆಯ ಸಲ ಅನ್ನ ಬೇಕೆಂದು ಬಾಯಿಬಿಟ್ಟು ಕೇಳಲಿಲ್ಲ, ನಾನೂ ಕೇಳದೆ ಹಾಕಿದೆ. "ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ," ಎಂದ, ಎಲೆಯಲ್ಲಿ ಒಂದು ತೊಟ್ಟು ಸಾರು ಉಳಿಸದೆ.

ಡ್ರೈವರು ಇದನ್ನೆಲ್ಲ ನೋಡುತ್ತಿದ್ದ. ಒಂಟಿ ಮನುಷ್ಯ, ನಗುವುದಿಲ್ಲ, ಎಲ್ಲದರಲ್ಲೂ ತಪ್ಪು ಹುಡುಕುತ್ತಾನೆ, ವಿಸ್ಕಿ ಕಾರ್ಖಾನೆಗೆ ಹೋಗಬೇಕೆನ್ನುತ್ತಾನೆ, ಕುಡಿಯುವವನ ಕಳೆಯಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. ಇವರು ಮಫ್ತಿಯಲ್ಲಿ ಬಂದ ಪಾನನಿರೋಧದ ಇನ್ಸ್‌ಪೆಕ್ಟರಂತೆ, ಲೋಟದ ಸುದ್ದಿ ಮೇಲಕ್ಕೆ ಹೋಗಿರಬೇಕಂತೆ. ಇವತ್ತೊಂದು ದಿನ ತೊಟ್ಟಿಯ ಹತ್ತಿರ ಹೋಗಬೇಡಿ ಅಮ್ಮಾ ಎಂದು ಬೇಡಿಕೊಂಡ. ಅದೇ ಸುದ್ದಿಯನ್ನು ಮ್ಯಾನೇಜರಿಗೂ ಮುಟ್ಟಿಸಿದನೋ ಏನೋ, ಕಾರ್ಖಾನೆಯಲ್ಲಿ ಅಂದು ಎಲ್ಲರೂ ಎದ್ದು ನಿಂತೇ ಮಾತಾಡಿದರು.

ಅಣ್ಣ ಪೀಪಾಯಿ, ಭಟ್ಟಿ ಯಾವುದನ್ನೂ ನೋಡಲಿಲ್ಲ. ಅಂಗಳಕ್ಕೆ ಬಂದವನ ಕಾಲು ಅಲ್ಲೇ ನಿಂತಿತು. ನನ್ನ ಕಾಲು ಮೊದಲ ದಿನ ನಿಂತ ಜಾಗದಲ್ಲೇ. ತೊಟ್ಟಿಯ ಹತ್ತಿರ ಹೋಗಿ ಕಣ್ಣು ಮುಚ್ಚಿ ಉಸಿರೆಳೆದ. ನಾನೂ ಪಕ್ಕದಲ್ಲಿ ನಿಂತು ಉಸಿರೆಳೆದೆ. ಸ್ವಲ್ಪ ಹೊತ್ತಿಗೆ ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು: "ಎರಡು ಕುದಿ ಮೊದಲೇ ಇಳಿಸಬೇಕಿತ್ತು." ಅಪ್ಪಯ್ಯ ಬೇರೆಯವರ ಬೆಲ್ಲ ನೋಡಿದಾಗಲೆಲ್ಲ ಹೇಳುತ್ತಿದ್ದ ಮಾತು. ಮ್ಯಾನೇಜರ್ ಕಾಗದ ತೆಗೆದು ಅದನ್ನು ಬರೆದುಕೊಂಡರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಾರಿಗೆ ಬಂದೆವು.

ಆಗಲೂ ಅವನು ಕರೆಯಲಿಲ್ಲ. ಗಡಿ ಹತ್ತಿರವಾಗುತ್ತಿತ್ತು. ಗಡಿ ದಾಟಿದರೆ ಗಿಂಡಿ, ಗಿಂಡಿಯಲ್ಲಿ ಅವನು ಇಳಿದು ಹೋದರೆ ಇನ್ನು ಹದಿಮೂರು ವರ್ಷ. ಕನ್ನಡಿಯಲ್ಲಿ ನೋಡಿದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹೊರಗೆ ನೋಡುತ್ತಿದ್ದ.

ತನಿಖಾ ಠಾಣೆಯಲ್ಲಿ ಕಾರು ನಿಲ್ಲಿಸಿದರು. ಬಿಸಿಲು ಇನ್ನೂ ಇಳಿದಿರಲಿಲ್ಲ. ಪೊಲೀಸಿನವನು ಕಿಟಕಿಯೊಳಗೆ ತಲೆ ಹಾಕಿದ. ಅದೇ ಗಳಿಗೆಗೆ ಡಬ್ಬಿ ಬುಸ್ ಎಂದಿತು. ಬಟ್ಟೆಯ ಅಂಚಿನಿಂದ ನೊರೆ ಉಕ್ಕಿ ಅಣ್ಣನ ಪಂಚೆಯ ಮೇಲೆ ಇಳಿಯಿತು. ಹುಳಿ ವಾಸನೆ ಕಾರು ತುಂಬಿತು.

ನನಗೆ ಕೂಡಲೇ ಗೊತ್ತಾಯಿತು, ಜೋನಿಬೆಲ್ಲ. ಗಟ್ಟಿಯಾಗುವ ಮೊದಲೇ ಇಳಿಸಿದ, ಜೇನಿನಂತೆ ಹರಿಯುವ ಬೆಲ್ಲ. ನನಗೆ ಪ್ರಾಣ. ಮೂರು ದಿನ ಬಸ್ಸು, ರೈಲು, ಇಡೀ ದಿನ ಕಾರಿನ ಬಿಸಿಲು. ಹುಳಿ ಬಂದಿತ್ತು.

ಡ್ರೈವರನ್ನು ಕಾರಿನ ಹತ್ತಿರವೇ ನಿಲ್ಲಿಸಿ, ನಮ್ಮಿಬ್ಬರನ್ನೂ ಡಬ್ಬಿಯನ್ನೂ ಒಳಗೆ ಕರೆದುಕೊಂಡು ಹೋದರು. ಹೆಡ್ ಕಾನ್‌ಸ್ಟೇಬಲ್ ಮೇಜಿನ ಮೇಲೆ ಡಬ್ಬಿ ಇಟ್ಟು, ಇದು ಯಾರದ್ದು ಎಂದು ತಮಿಳಿನಲ್ಲಿ ಕೇಳಿದರು. ಅಣ್ಣ ನನ್ನ ಕಡೆ ಕೈ ತೋರಿಸಿ, ನನ್ನದಲ್ಲ, ಅವರದ್ದು ಎಂದ. ನಾನು ಅವನ ಕಡೆ ಕೈ ತೋರಿಸಿ, ನನಗೆ ಯಾರೂ ಕೊಟ್ಟಿಲ್ಲ, ಅವರದ್ದೇ ಎಂದೆ. ಇಬ್ಬರೂ ಹೇಳಿದ್ದು ಸತ್ಯವೇ. ಹೆಡ್ ಕಾನ್‌ಸ್ಟೇಬಲರಿಗೆ ಮಾತ್ರ ಅದು ಹಾಗೆ ಕಾಣಲಿಲ್ಲ. ವಿಸ್ಕಿ ಕಾರ್ಖಾನೆಯಿಂದ ಬಂದ ಕಾರು, ಒಳಗೆ ನೊರೆ ಉಕ್ಕುವ ಡಬ್ಬಿ, ಅದಕ್ಕೆ ವಾರಸುದಾರರಿಲ್ಲ. ಇಬ್ಬರೂ ಯಾರು, ಒಬ್ಬರಿಗೊಬ್ಬರು ಏನಾಗಬೇಕು, ಡಬ್ಬಿಯಲ್ಲಿ ಏನಿದೆ, ಎಲ್ಲವನ್ನೂ ಬರೆದು ಸಹಿ ಮಾಡಿ ಎಂದರು. ಕನ್ನಡದಲ್ಲಾದರೂ ಸರಿ, ಇಲ್ಲಿ ಹೊಸೂರಿನ ಪೊಲೀಸಿನವನಿದ್ದಾನೆ, ಓದುತ್ತಾನೆ.

"ಅವರೇ ಮೊದಲು ಬರೆಯಲಿ, ದೊಡ್ಡವರು," ಎಂದೆ.

"ಹೆಂಗಸರು ಮೊದಲು," ಎಂದ ಅಣ್ಣ.

ಹೆಡ್ ಕಾನ್‌ಸ್ಟೇಬಲ್ ಒಬ್ಬರಿಗೆ ಪೆನ್ನು, ಒಬ್ಬರಿಗೆ ಪೆನ್ಸಿಲ್ ಕೊಟ್ಟು ಒಟ್ಟಿಗೇ ಕೂರಿಸಿದರು. ನಾನು ಅವನು ಶುರುಮಾಡಿದನೇ ಎಂದು ಬಗ್ಗಿ ನೋಡಿದೆ. ಅವನು ನಾನು ಶುರುಮಾಡಿದೆನೇ ಎಂದು ಬಗ್ಗಿ ನೋಡಿದ. ಪರೀಕ್ಷೆಯಲ್ಲಿ ನಕಲು ಹೊಡೆಯುವವರ ಹಾಗೆ ಏನಿದು ಎಂದು ಗದರಿಸಿ, ನಮ್ಮಿಬ್ಬರನ್ನೂ ಬೆನ್ನಿಗೆ ಬೆನ್ನು ಮಾಡಿ ಕೂರಿಸಿದರು. ಬೆನ್ನು ಹಾಕಿ ಕೂತ ಮೇಲೆ ಕೈ ತಾನಾಗಿ ಓಡಿತು.

ಹೊಸೂರಿನವನು ನನ್ನದನ್ನು ಮೊದಲು ಓದಿದ. ಓದಿ ಓದಿ ತಮಿಳಿನಲ್ಲೂ ಹೇಳಿದ. "ಇವರು ನನ್ನ ಅಣ್ಣ. ಡಬ್ಬಿಯಲ್ಲಿರುವುದು ನಮ್ಮ ಮನೆಯ ಜೋನಿಬೆಲ್ಲ. ಹದಿಮೂರು ವರ್ಷದಿಂದ ನಾನು ಅದನ್ನು ತಿಂದಿಲ್ಲ. ಅದರ ವಾಸನೆ ಬರುತ್ತದೆಂದು ಪ್ರತಿ ಭಾನುವಾರ ವಿಸ್ಕಿ ಕಾರ್ಖಾನೆಯ ತೊಟ್ಟಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ನಾನು ಕುಡಿಯುವುದಿಲ್ಲ."

ಆಮೇಲೆ ಅಣ್ಣನದು. "ಇವಳು ನನ್ನ ತಂಗಿ. ಬೆಲ್ಲ ಅವಳಿಗೆ ತಂದದ್ದು. ಬೆಳಿಗ್ಗೆಯಿಂದ ಕೊಡಲು ಧೈರ್ಯ ಬರಲಿಲ್ಲ. ಮನೆಗೆ ಕರೆದುಕೊಂಡು ಹೋಗಲು ಬಂದಿದ್ದೇನೆ."

ಹೆಡ್ ಕಾನ್‌ಸ್ಟೇಬಲ್ ಡಬ್ಬಿಗೆ ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಬೆಲ್ಲವೇ ಎಂದು ಒಪ್ಪಿಕೊಂಡರು. ಸಂಶಯ ಪೂರ್ತಿ ಹೋಗಲೆಂದು ಇನ್ನೊಂದು ಸಲ ಅದ್ದಿದರು. ಹೊಸೂರಿನವನೂ ಸಂಶಯ ಪರಿಹಾರ ಮಾಡಿಕೊಂಡ.

"ಅಂತೂ ನೀನು ಬರೆದೆ," ಎಂದ ಅಣ್ಣ.

"ಪೊಲೀಸರಿಗೆ ಬರೆದೆ, ನಿನಗಲ್ಲ. ನೀನು ಕರೆದೆ."

"ನಾನೂ ಪೊಲೀಸರಿಗೇ ಹೇಳಿದ್ದು."

ನನ್ನ ಹೇಳಿಕೆ ನನಗೆ ವಾಪಸು ಕೊಡಿ ಎಂದು ಕೇಳಿದೆ. ಅದು ಇನ್ನು ಸರ್ಕಾರದ್ದು ಎಂದರು. ಇಬ್ಬರದ್ದನ್ನೂ ಒಂದೇ ದಾರದಲ್ಲಿ ಪೋಣಿಸಿ ಕಡತದೊಳಗೆ ಇಟ್ಟರು. ನನ್ನ ಆಯುಷ್ಯದಲ್ಲಿ ಅಣ್ಣನಿಗೆ ಬರೆದ ಮೊದಲ ಕಾಗದ, ಅವನ ಉತ್ತರದ ಸಮೇತ, ಪಾನನಿರೋಧದ ಠಾಣೆಯಲ್ಲಿದೆ.

ಹೊರಗೆ ಬರುವಾಗ ಅಣ್ಣ ಡಬ್ಬಿಯೊಳಗೆ ಇಣುಕಿ ನೋಡಿದ. "ಇದು ಹುಳಿ ಬಂದಿದೆ ಮಾರಾಯ್ತಿ. ಮನೆಯಲ್ಲಿ ಹೊಸದು ಇದೆ," ಎಂದು ಸ್ವಲ್ಪ ತಡೆದು, "ಬಾ," ಎಂದ.

ಒಂದೇ ಅಕ್ಷರ. ಅಷ್ಟು ಸಣ್ಣದು ಎಂದು ಮೊದಲೇ ಗೊತ್ತಿದ್ದರೆ ಬಹುಶಃ ಹದಿಮೂರು ವರ್ಷ ಕಾಯುತ್ತಿರಲಿಲ್ಲ. ಇಲ್ಲ, ಕಾಯುತ್ತಿದ್ದೆ.

ಮುಂದಿನ ಬಾಗಿಲು ತೆರೆಯಲು ಹೋದವಳನ್ನು ಅಣ್ಣ ಮೊಣಕೈ ಹಿಡಿದು ಹಿಂದಿನ ಸೀಟಿಗೆ ಕರೆದುಕೊಂಡ. ಡ್ರೈವರು ನೋಡಿದ. ಅಮ್ಮನ ಕಣ್ಣಲ್ಲಿ ನೀರು. ಇನ್ಸ್‌ಪೆಕ್ಟರು ಕೈ ಹಿಡಿದು ಹಿಂದೆ ಕೂರಿಸಿದ್ದಾರೆ. ನಡುವೆ ಸಾಕ್ಷಿಗೆ ಡಬ್ಬಿ. ಅವನಿಗೆ ಎಲ್ಲ ಅರ್ಥವಾಗಿಹೋಯಿತು. ಕಾರು ಹೊರಡಿಸಿ, "ಎಷ್ಟು ತಿಂಗಳು ಸಾರ್?" ಎಂದು ಕೇಳಿದ.

ಅಣ್ಣ ನನ್ನ ಕಡೆ ನೋಡಿ, ತನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದ: "ಎರಡು ತಿಂಗಳು. ಮುಂಚೆ ಬಿಡುವ ಮಾತೇ ಇಲ್ಲ."

ಡ್ರೈವರು ಗಿಂಡಿಯವರೆಗೂ ಕಣ್ಣು ಮೂಗು ಒರೆಸಿಕೊಳ್ಳುತ್ತ ಕಾರು ಓಡಿಸಿದ. ನಾನು ತಿದ್ದಲಿಲ್ಲ. ಹಿಂದಿನ ಸೀಟಿನ ಕಿಟಕಿಯಲ್ಲಿ ಕೆರೆ ಬರುವುದಿತ್ತು, ಅದನ್ನು ನೋಡಬೇಕಿತ್ತು.